ಸುಳ್ಳು ಹೇಳಿದ ಥೈರಾಯ್ಡ್ ರಿಪೋರ್ಟು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಭದ್ರಾವತಿಯಲ್ಲಿ ಸ್ವಂತ ಲೇತ್ ಹಾಕಿಕೊಂಡು ಶಾಫ್ಟು, ಬುಷ್ಷು ಮಾಡಿಕೊಟ್ಟು ಸಂಸಾರ ನಡೆಸಿದ್ದೇನೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಬುಷ್ ಶಾಫ್ಟಿಗೆ ಸರಿಯಾಗಿ ಕೂರದಿದ್ದರೆ, "ನನ್ನ ಅಳತೆ ಸರಿಯಾಗಿಯೇ ಇದೆ, ನಡಿ" ಎಂದು ಗಿರಾಕಿಯನ್ನು ಸಾಗಹಾಕಲು ನಮಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ.

ಥೈರಾಯ್ಡ್ ಕಡಿಮೆ ಎಂದು ನನ್ನ ಹೆಂಡತಿ ಹಲವು ವರ್ಷಗಳಿಂದ ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ತಗೊಳ್ಳುತ್ತಿದ್ದಳು. ಆರಾಮಾಗಿಯೇ ಇದ್ದಳು. ಕಳೆದ ವರ್ಷ ಮಾಮೂಲಿನಂತೆ ರಕ್ತ ಕೊಟ್ಟು ಬಂದಾಗ ಟಿಎಸ್‌ಎಚ್ ಎಂಬುದು ತೀರಾ ಕೆಳಗೆ ಬಂತು. "ಮಾತ್ರೆ ಜಾಸ್ತಿಯಾಗಿದೆ" ಎಂದು ನಮ್ಮೂರ ಡಾಕ್ಟರು ಅರ್ಧಕ್ಕೆ ಇಳಿಸಿದರು.

"ನಂಬರ್ ಕಮ್ಮಿ ಇದ್ರೆ ಜಾಸ್ತಿ ಅಂತೀರಲ್ಲ ಸಾರ್, ಅದು ಹ್ಯಾಗೆ?" ಎಂದು ಕೇಳಿದೆ.

"ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ."

ಮೈ ಉರಿದುಹೋಯಿತು. ಮುಂದಿನ ತಿಂಗಳುಗಳಲ್ಲಿ ಅವಳ ಮುಖ ಊದಿತು, ದನಿ ಒಡೆಯಿತು, ಬೇಸಿಗೆಯಲ್ಲೂ ಸ್ವೆಟರ್ ಬೇಕಾಯಿತು. ತರಕಾರಿ ಹೆಚ್ಚುತ್ತಲೇ ತೂಕಡಿಸುವಳು. ಮತ್ತೆ ಪರೀಕ್ಷೆ ಮಾಡಿಸಿದರೆ ಮತ್ತೆ ಅದೇ ಕೆಳಗಿನ ನಂಬರ್. ಡಾಕ್ಟರು ಇನ್ನೂ ಇಳಿಸಿದರು. ಹೀಗೇ ಬಿಟ್ಟರೆ ಇವಳು ಹಾಸಿಗೆ ಹಿಡಿಯುತ್ತಾಳೆ ಎನಿಸಿ, ದೊಡ್ಡ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಅಲ್ಲಿದ್ದವರು ಲೇಡಿ ಡಾಕ್ಟರು. ಅವರು ಏನು ಕೇಳಿದರೂ ಉತ್ತರ ನನ್ನದೇ. ನಮ್ಮ ಕಡೆ ಗಂಡ ಜೊತೆಗಿದ್ದರೆ ಹೆಂಗಸು ಡಾಕ್ಟರ ಮುಂದೆ ಬಾಯಿ ಬಿಡುವುದು ನಾಲಗೆ ತೋರಿಸುವುದಕ್ಕೆ ಮಾತ್ರ.

"ನಿದ್ದೆ ಹ್ಯಾಗೆ?"

"ಬರೀ ನಿದ್ದೆ ಮೇಡಂ."

"ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತಾರಾ?"

"ಇಲ್ಲ, ಇದೊಂದೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಕಾಯಿಲೆ ನಿಮಗೋ ಅವ್ರಿಗೋ? ಅವ್ರು ಹೇಳ್ಲಿ."

ಹೆಂಡತಿ ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ, "ಕೂದಲು ಉದುರುತ್ತೆ ಅಂತ ಒಂದು ಮಾತ್ರೆ ತಗೋತೀನಿ. ಕಾಗದನಗರದಲ್ಲಿರೋ ನಮ್ಮಕ್ಕ ಹೇಳಿದ್ಲು. ಅದೇನು ಔಷಧಿ ಅಲ್ವಲ್ಲ ಮೇಡಂ" ಎಂದಳು.

ಆ ಡಬ್ಬಿ ಕನ್ನಡಿಯ ಹತ್ತಿರ ಪೌಡರಿನ ಪಕ್ಕದಲ್ಲೇ ಇತ್ತು. ಡಾಕ್ಟರು ಬರೆದುಕೊಟ್ಟರೆ ಔಷಧ, ಮಿಕ್ಕಿದ್ದೆಲ್ಲ ಅಲಂಕಾರದ ಸಾಮಾನು ಎಂದೇ ನಾನೂ ತಿಳಿದಿದ್ದೆ.

"ಅದರಲ್ಲಿ ಬಯೋಟಿನ್ ಅನ್ನೋ ವಿಟಮಿನ್ ಇರುತ್ತಮ್ಮ. ಜಾಸ್ತಿ ತಗೊಂಡ್ರೆ ಕೆಲವು ಲ್ಯಾಬ್ ಮಷೀನ್ ಮೋಸ ಹೋಗ್ತವೆ, ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ತೋರಿಸ್ತವೆ."

ಆ ನಂಬರಿನ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಟಿಎಸ್‌ಎಚ್ ಬರುವುದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಿಂದಲ್ಲ, ಮೆದುಳಿನ ಬುಡದಿಂದ. ಕೆಲಸ ಮಾಡು ಎಂದು ಗ್ರಂಥಿಗೆ ಕೊಡುವ ಕೂಗು ಅದು. ಗ್ರಂಥಿ ಸೋಮಾರಿಯಾದರೆ ಕೂಗು ಹೆಚ್ಚುತ್ತದೆ, ಅತಿಯಾಗಿ ದುಡಿದರೆ, ಇಲ್ಲವೇ ಮಾತ್ರೆ ಜಾಸ್ತಿಯಾದರೆ, ನಿಲ್ಲುತ್ತದೆ. ಇಷ್ಟೇ! ಇದು ಅರ್ಥವಾಗದಷ್ಟು ದಡ್ಡನೇ ನಾನು?

ಕೂದಲಿನ ಮಾತ್ರೆ ಕೆಲವು ದಿನ ನಿಲ್ಲಿಸಿ, ಮತ್ತೆ ಶಿವಮೊಗ್ಗಕ್ಕೆ ಹೋಗಿ ರಕ್ತ ಕೊಟ್ಟೆವು. ಟಿಎಸ್‌ಎಚ್ ಎಲ್ಲೋ ಮೇಲೆ ಹೋಗಿ ಕೂತಿತ್ತು. ಹಳೆಯ ಪ್ರಮಾಣದ ಮಾತ್ರೆ ಮತ್ತೆ ಶುರುವಾಯಿತು. ಸುಧಾರಿಸಲು ವಾರಗಳೇ ಬೇಕು ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. "ನಾಳೆ ಹೋಗಿ ನಮ್ಮೂರ ಆ ಡಾಕ್ಟರಿಗೆ ಸರಿಯಾಗಿ ಕೇಳ್ತೀನಿ. ಬೇರೆ ಮಾತ್ರೆ ಇದೆಯಾ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ಅವ್ರಿಗೆ?"

"ಅವ್ರೂ ಮೊದಲ್ನೇ ದಿನಾನೇ ಕೇಳಿದ್ರು ರೀ. ಅಲ್ಲೂ ನೀವೇ ಇಲ್ಲ ಅಂದ್ರಿ."

"ನಿಂಗೆ ಬಾಯಿ ಇರ್ಲಿಲ್ವಾ ಮಾರಾಯ್ತಿ?"

"ಎಲ್ಲಿ ಬಿಟ್ರಿ? ನಾಳೆ ನಾನೂ ಬರ್ತೀನಿ. ಒಳಗೆ ನಾನೊಬ್ಳೇ ಹೋಗ್ತೀನಿ."

ಮರುದಿನ ನಮ್ಮೂರ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎದ್ದು ಒಳಗೆ ನುಗ್ಗಬೇಕೆಂದು ಕಾಲು ಎಳೆಯುತ್ತಿತ್ತು. ಬಾಗಿಲ ಆಚೆ ಅವಳ ಒಡೆದ ದನಿ ಒಂದೇ ಸಮನೆ ಕೇಳುತ್ತಿತ್ತು. ಡಾಕ್ಟರ ದನಿ ಕೇಳಿಸುತ್ತಲೇ ಇರಲಿಲ್ಲ.