ನಲವತ್ತೆಂಟನೇ ನಂಬರಿನ ಜಾಡಿ

ಬೆಳಗಿನ ನಾಲ್ಕೂವರೆ. ಮಾರ್ಚ್ ಮುಗಿಯುತ್ತ ಬಂದರೂ ಕ್ಯೋತೋದ ಚಳಿ ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಅಡುಗೆಮನೆಯ ನೆಲದ ಹಲಗೆಯೊಂದನ್ನು ಎತ್ತಿ, ಮಂಡಿಯೂರಿ ಕೂತು, ತೊಕಿಯೆ ಮುರಾವೊ ಬಲಗೈಯನ್ನು ಮೊಣಕೈವರೆಗೆ ಜಾಡಿಯೊಳಕ್ಕೆ ಇಳಿಸುತ್ತಾರೆ. ಒಳಗಿರುವುದು ಉಪ್ಪು ಬೆರೆಸಿ ಹುಳಿ ಬರಿಸಿದ ಅಕ್ಕಿ ತವುಡು. ತಳದ್ದನ್ನು ಮೇಲಕ್ಕೆ, ಮೇಲಿನದನ್ನು ತಳಕ್ಕೆ ಮಗುಚುತ್ತ, ನಿನ್ನೆ ಹೂತಿಟ್ಟ ಮೂಲಂಗಿ, ಗಜ್ಜರಿಗಳನ್ನು ಒಂದೊಂದಾಗಿ ಈಚೆಗೆ ತೆಗೆಯುತ್ತಾರೆ. ಬೆರಳಿಗೆ ಅಂಟಿದ್ದನ್ನು ನಾಲಿಗೆಯ ತುದಿಗೆ ತಾಗಿಸಿ ಕಣ್ಣು ಕಿರಿದು ಮಾಡುತ್ತಾರೆ.

"ಇವತ್ತು ಮುನಿಸ್ಕೊಂಡಿದೆ. ರಾತ್ರಿ ಥಂಡಿ ಜಾಸ್ತಿ ಆಯ್ತಲ್ಲ, ಅದಕ್ಕೆ. ನಿಮ್ಮನೇದು ಹೇಗಿದೆ?"

"ಚೆನ್ನಾಗಿದೆ," ಎನ್ನುತ್ತೇನೆ ನಾನು.

"ದಿನಾ ಕೈ ಹಾಕ್ತಿದೀರಿ ತಾನೆ ಮೂಲಂಗಮ್ಮ?"

ಮೂಲಂಗಮ್ಮ ಎಂದರೆ ನಾನೇ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಒಂದೇ ಊಟಕ್ಕೆ ಮೂರು ಸಲ ಮೂಲಂಗಿ ಕೇಳಿ ಹಾಕಿಸಿಕೊಂಡಿದ್ದಕ್ಕೆ ತೊಕಿಯೆ ಇಟ್ಟ ಹೆಸರು.

ಅಂಗಡಿ ಇರುವುದು ನಿಶಿಜಿನ್ ಎಂಬ ನೇಕಾರರ ಕೇರಿಯ ಓಣಿಯೊಂದರಲ್ಲಿ. ಹೆಸರು ಬರೆಯಬೇಡಿ ಎಂದು ತೊಕಿಯೆ ಅವರೇ ಹೇಳಿದ್ದಾರೆ. ಏಳೇ ಆಸನ, ಎಲ್ಲವೂ ಗೋಡೆಗೆ ಮುಖ. ಬೆಳಗಿನ ಊಟ ಮಾತ್ರ, ಅದೂ ಒಂಟಿಯಾಗಿ ಬಂದವರಿಗೆ. ಇಬ್ಬರು ಜೊತೆಯಾಗಿ ಬಂದರೆ ಬೇರೆ ಬೇರೆ ಕೂರಬೇಕು. ಅನ್ನ, ಮಿಸೊ ಎಂಬ ಹುಳಿಸಿದ ಸೋಯಾ ಹಿಟ್ಟಿನ ಸಾರು, ಸುಟ್ಟ ಮೀನಿನ ಒಂದು ತುಂಡು, ಮತ್ತೆ ಈ ತವುಡಿನ ಉಪ್ಪಿನಕಾಯಿ. ದಿನಕ್ಕೆ ಇಪ್ಪತ್ತೆಂಟು ಜನ ಉಣ್ಣುತ್ತಾರೆ. ಹತ್ತು ಗಂಟೆಗೆ ಬಾಗಿಲ ಪರದೆ ಇಳಿಸಿ ಅಂಗಡಿ ಮುಚ್ಚುತ್ತಾರೆ. ಆ ಇಪ್ಪತ್ತೆಂಟರಲ್ಲಿ ಅರ್ಧಕ್ಕರ್ಧ ಬೆನ್ನಿಗೊಂದು ಚೀಲ ಹಾಕಿಕೊಂಡು ಊರೂರು ಸುತ್ತುವ ಒಬ್ಬೊಂಟಿ ಪ್ರಯಾಣಿಕರು. ತಟ್ಟೆಯ ಫೋಟೊ ತೆಗೆಯುತ್ತಾರೆ, ಗೋಡೆಯದ್ದು ತೆಗೆಯುತ್ತಾರೆ, ಅಡುಗೆಮನೆಯ ಪರದೆಯದ್ದು ತೆಗೆಯುತ್ತಾರೆ. ಪರದೆಯ ಹಿಂದೆ ನಿಂತಿರುವ ಎಪ್ಪತ್ತೊಂದರ ಈ ಹೆಂಗಸಿನ ಫೋಟೊ ಮಾತ್ರ ಯಾರ ಬಳಿಯೂ ಇಲ್ಲ.

ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ನಮ್ಮ ಪತ್ರಿಕೆಯವರ ರೂಢಿ. ಕಾಯಿಯನ್ನು ಮರೆ ಮಾಡಿದ ಎಲೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಈ ಸಲ ಹೇಳಿಬಿಡುತ್ತೇನೆ, ಆ ಎಲೆ ನಾನು.

ಹೊಟ್ಟೆಪಾಡಿಗೆ ನಾನು ಬರೆಯುವುದು ಒಂಟಿಯಾಗಿ ಉಣ್ಣುವವರಿಗಾಗಿ. ಎಲ್ಲಿ ಒಬ್ಬರೇ ಹೋದರೆ ಹುಬ್ಬೇರಿಸುವುದಿಲ್ಲ, ಎಲ್ಲಿ ಮೂಲೆಗೆ ತಳ್ಳುವುದಿಲ್ಲ, ಇಂಥವು. ಈ ಊರಿಗೆ ನಾನು ಬಂದಿದ್ದೂ ಒಂಟಿ ಪ್ರಯಾಣಿಕಳಾಗಿಯೇ. ಆ ಕಾಲದಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಉಣ್ಣಲು ಬಂದರೆ ಗಂಡನನ್ನು ಬಿಟ್ಟು ಬಂದಿದ್ದಾಳೇನೋ ಎಂಬಂತೆ ನೋಡುತ್ತಿದ್ದರು. ಇಲ್ಲಿ ಹಾಗೆ ನೋಡಲಿಲ್ಲ. ಆ ಮೂಲಂಗಿ ತಿಂದು, ನಾಚಿಕೆ ಬಿಟ್ಟು, ಇದರ ತವುಡು ಒಂದು ಹಿಡಿ ಸಿಗಬಹುದೇ ಎಂದು ಕೇಳಿದೆ. ಪಕ್ಕದ ಮನೆಯವರು ಹೆಪ್ಪು ಕೇಳಿದರೆ ಇಲ್ಲ ಎನ್ನುತ್ತೀರಾ? ಇಲ್ಲಿ ತವುಡೂ ಹಾಗೆಯೇ. ಕೇಳಿದವರಿಗೆ ಕೊಡಬೇಕು, ಅದು ಪದ್ಧತಿ. ಅಂಗಡಿಯ ಒಡತಿ ಫುಸಾಕೊ ಒಳಗೆ ಕೂಗಿದರು. ತೊಕಿಯೆ ಕೈ ಒರೆಸಿಕೊಳ್ಳುತ್ತ ಬಂದು, ಎಣ್ಣೆಕಾಗದದಲ್ಲಿ ಕಟ್ಟಿದ ಒಂದು ಹಿಡಿಯನ್ನು ಎರಡೂ ಕೈಯಲ್ಲಿ ಕೊಟ್ಟರು.

"ದಿನಾ ಒಂದ್ಸಲ ಮಗುಚಿ. ಬಿಟ್ರೆ ಸಾಯುತ್ತೆ. ಇದಕ್ಕೆ ಬೇಕಾಗಿರೋದು ಅಷ್ಟೇ, ಒಬ್ಬರ ಕೈ."

ಪ್ರಯಾಣಕ್ಕೆಂದು ಬಂದವಳು ಈ ಊರಲ್ಲೇ ಉಳಿದುಕೊಂಡೆ. ಐದು ವರ್ಷ ಕಳೆದ ಮೇಲೆ ಈ ಅಂಗಡಿಯ ಬಗ್ಗೆ ಬರೆದೆ. 'ಒಡತಿ ಫುಸಾಕೊ ಅವರ ಮನೆತನ ಐದು ತಲೆಮಾರಿನಿಂದ ಕಾಪಾಡಿಕೊಂಡು ಬಂದ ತವುಡಿನ ಜಾಡಿ' ಎಂಬುದು ನನ್ನದೇ ವಾಕ್ಯ. ಫುಸಾಕೊ ನಗುತ್ತ ಹಾಗೆಂದರು, ನಾನು ಬರೆದುಕೊಂಡೆ. ಪರದೆ ಸರಿಸಿ ನಾಲ್ಕು ಹೆಜ್ಜೆ ಒಳಗೆ ಹೋಗಿ ಕೇಳಬೇಕೆಂದು ನನಗೆ ತೋಚಲೇ ಇಲ್ಲ. ತವುಡು ಕೊಟ್ಟ ಕೈ ಯಾವುದೆಂದು ಗೊತ್ತಿತ್ತು, ಅದು ಕೆಲಸದವಳ ಕೈ ಎಂದುಕೊಂಡಿದ್ದೆ. ಆ ಬರಹ ಇವತ್ತಿಗೂ ಅಂಗಡಿಯ ಬಾಗಿಲಲ್ಲಿ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಥೂ ಎನಿಸುತ್ತದೆ, ಆದರೂ ದಿನವೂ ಅದರ ಕೆಳಗೇ ಹಾದು ಒಳಗೆ ಬರಬೇಕು.

ತಡವಾಗಿ ತೊಕಿಯೆ ಅವರ ಬಾಯಿಂದಲೇ ಕೇಳಿದ ನಿಜ ಹೀಗಿದೆ. ತೊಕಿಯೆ ತಾಂಗೋ ಕಡಲ ಕಡೆಯ ಮೀನುಗಾರರ ಮಗಳು. ಇಪ್ಪತ್ತೆರಡಕ್ಕೆ ನಿಶಿಜಿನ್‌ನ ನೇಕಾರರ ಮನೆಗೆ ಸೊಸೆಯಾಗಿ ಬಂದರು. ಜಾಡಿ ಅತ್ತೆ ಇತೊ ಅವರದು. ಅತ್ತೆಗೆ ಅದು ತನ್ನ ತಾಯಿಯಿಂದ ಬಂದದ್ದು. "ಐದು ವರ್ಷ ನನ್ನ ಮುಟ್ಟಗೊಡಲಿಲ್ಲ ಮಹಾತಾಯಿ. 'ನಿನ್ನ ಕೈ ಇನ್ನೂ ಮೀನು ಮೀನು ಅಂತಿದೆ' ಅನ್ನೋರು. ಆರನೇ ವರ್ಷ ಒಂದಿನ ಜ್ವರ ಬಂದು ಮಲಗಿದ್ರು. 'ಹೋಗು, ಮಗುಚು' ಅಂದ್ರು. ಮಾರನೇ ದಿನ ತಿಂದು ನೋಡಿ ಒಂದು ಮಾತೂ ಆಡ್ಲಿಲ್ಲ. ಒಂದು ಮಾತೂ! ಅವತ್ತು ಖುಷೀಗೆ ಬಚ್ಚಲಮನೇಲಿ ಕೂತು ಅತ್ತಿದ್ದೆ."

ಮಗ್ಗಗಳು ಒಂದೊಂದಾಗಿ ನಿಂತವು. ಗಂಡನದೂ ನಿಂತಿತು. ಅತ್ತೆ ಹೋದ ಮರುವರ್ಷ, ನಲವತ್ತನೇ ವಯಸ್ಸಿಗೆ, ತೊಕಿಯೆ ಈ ಅಡುಗೆಮನೆಗೆ ಸೇರಿದರು. ಸೇರಿದ ಮೂರನೇ ವಾರಕ್ಕೆ ಅಂಗಡಿಯ ಸ್ವಂತ ಜಾಡಿ ಕೆಟ್ಟಿತು. ಫುಸಾಕೊ ಆಸ್ಪತ್ರೆಯಲ್ಲಿದ್ದರು, ಬೇಸಿಗೆ, ಯಾರೂ ಕೈ ಹಾಕಿರಲಿಲ್ಲ. ವಾಪಸು ಬಂದ ಒಡತಿ ತಲೆಬಾಗಿ ಕೇಳಿಕೊಂಡಾಗ ತೊಕಿಯೆ ಒಂದು ಹಿಡಿಯಲ್ಲ, ಇಡೀ ಜಾಡಿಯನ್ನೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿಟ್ಟರು. ಕೊಟ್ಟದ್ದಲ್ಲ, ತಂದಿಟ್ಟದ್ದು. ಆ ವ್ಯತ್ಯಾಸವನ್ನು ಯಾವ ಕಾಗದದ ಮೇಲೂ ಯಾರೂ ಬರೆಯಲಿಲ್ಲ. ಅಂದಿನಿಂದ ಮೂವತ್ತೊಂದು ವರ್ಷ, ಹೊಸವರ್ಷದ ರಜೆಯಲ್ಲೂ, ಗಂಡ ತೀರಿಕೊಂಡ ದಿನವೂ, ಹನ್ನೊಂದು ನಿಮಿಷ ನಡೆದು ಬಂದು ಮಗುಚಿ ಹೋಗಿದ್ದಾರೆ.

ಫುಸಾಕೊ ತೀರಿಕೊಂಡು ನಾಲ್ಕು ವರ್ಷ. ಅವರ ತಂಗಿಯ ಮಗ ಅಂಗಡಿಯನ್ನು ತೋಕಿಯೋದ ಒಂದು ಕಂಪನಿಗೆ ಮಾರಿದ. ಹೋದ ವರ್ಷದ ಹಿಂದಿನ ವರ್ಷ ನವೆಂಬರಿನಲ್ಲಿ ಕಂಪನಿಯವರು ಸಾಮಾನಿನ ಪಟ್ಟಿ ಮಾಡಿದರು. ಬಟ್ಟಲು, ಬಾಣಲೆ, ಬೆಂಚು, ಪ್ರತಿಯೊಂದಕ್ಕೂ ನಂಬರಿನ ಚೀಟಿ. ಅಂಟಿಸುವ ಕೆಲಸ ತೊಕಿಯೆ ಅವರದು.

"ಧೂಳು ಒರೆಸಿ ಅಂಟಿಸಿ ಅಂದ್ರು, ಅಂಟಿಸ್ತಾ ಹೋದೆ. ನಲವತ್ತೇಳು ಅನ್ನದ ಡಬ್ಬ. ನಲವತ್ತೆಂಟು ಅಂತ ಓದಿದ್ರು, 'ಉಪ್ಪಿನಕಾಯಿ ಜಾಡಿ, ಒಂದು, ಒಳಗಿರೋದೂ ಸೇರಿ.' ಕೈ ತನ್ನಷ್ಟಕ್ಕೆ ತಾನೇ ಹೋಗಿ ಅಂಟಿಸಿಬಿಡ್ತು. ಅಷ್ಟು ಜನರ ಮುಂದೆ 'ಇದು ನಂದು' ಅನ್ನೋದು ಹೆಂಗೆ? ಅವರ ಮುಖ ಸಣ್ಣದಾಗಲ್ವಾ? ಆಮೇಲೆ ಹೇಳೋಣ ಅಂದ್ಕೊಂಡೆ. ಪಟ್ಟಿ ಸರಿಯಿದೆ ಅಂತ ಕೆಳಗಡೆ ನನ್ನ ಹೆಸರಿನ ಮೊಹರೂ ಒತ್ತಿದೆ."

ಇನ್ನೊಬ್ಬರ ಮುಖ ಸಣ್ಣದಾಗಬಾರದೆಂದು ತಮ್ಮ ಮನೆಯನ್ನೇ ಬಿಟ್ಟುಕೊಡುವವರು ಈ ಊರಿನಲ್ಲಿ ಮಾತ್ರ ಸಿಕ್ಕಾರು. ಬೆಳಿಗ್ಗೆ ಬಾಗಿಲ ಮುಂದೆ ಗುಡಿಸುವಾಗಲೂ ಅಷ್ಟೇ. ತಮ್ಮ ಗಡಿ ದಾಟಿ ಪಕ್ಕದವರ ನೆಲವನ್ನೂ ಒಂದಡಿ ಗುಡಿಸಬೇಕು. ಪೂರ್ತಿ ಗುಡಿಸಿದರೆ ಪಕ್ಕದವರಿಗೆ ಅವಮಾನ, ಒಂದಡಿಯೂ ಗುಡಿಸದಿದ್ದರೆ ಜಿಪುಣತನ. ಪಕ್ಕದ ಮನೆಗೆ ಬೀಗ ಬಿದ್ದು ಆರು ವರ್ಷವಾಯಿತು. ತೊಕಿಯೆ ಇವತ್ತೂ ಒಂದಡಿ ಗುಡಿಸಿ ಪೊರಕೆ ಎತ್ತಿಟ್ಟರು.

ಈಗ ಕಂಪನಿಯ ಲೆಕ್ಕಾಚಾರ ಬೇರೆ. ಏಪ್ರಿಲ್ ಒಂದರಿಂದ ಉಪ್ಪಿನಕಾಯಿ ಕಾರ್ಖಾನೆಯಿಂದ ಬರುತ್ತದೆ. ಕೈ ಹಾಕಿ ಮಗುಚುವುದು ಶುಚಿಯಲ್ಲವಂತೆ. ಜಾಡಿಯ ತವುಡು ಕಾರ್ಖಾನೆಯ ಉಕ್ಕಿನ ತೊಟ್ಟಿಗೆ ಹೋಗಿ ಅಲ್ಲಿ ಬೆಳೆಯುತ್ತದೆ. ಖಾಲಿ ಜಾಡಿ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಕೂರುತ್ತದೆ, ನನ್ನ ಬರಹದ ಪಕ್ಕದಲ್ಲೇ. ತೊಕಿಯೆ ಅವರಿಗೆ ಈ ತಿಂಗಳ ಮೂವತ್ತೊಂದು ಕಡೆಯ ದಿನ, ಒಂದು ಹೂಗುಚ್ಛ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಗುರುವಾರ ಮ್ಯಾನೇಜರ್ ಎಬಿಸಾವಾ ಬಂದಿದ್ದ. ವಯಸ್ಸು ಮೂವತ್ತನಾಲ್ಕು, ಮೈಯೆಲ್ಲ ವಿನಯ. ತೊಕಿಯೆ ಏಪ್ರನ್ ಬಿಚ್ಚಿ ಮಡಿಸಿಟ್ಟು, ಮಂಡಿಯೂರಿ, ಈ ಜನ್ಮದಲ್ಲಿ ಮೊದಲ ಸಲ ತಮಗಾಗಿ ಒಂದನ್ನು ಕೇಳಿದರು.

"ಜಾಡಿ ಇರ್ಲಿ. ಒಂದು ಹಿಡಿ ತವುಡು ತಗೊಂಡು ಹೋಗ್ಲಾ?"

"ಅಯ್ಯಯ್ಯೋ, ತೊಕಿಯೆ-ಸಾನ್, ಏಳಿ, ದಯವಿಟ್ಟು ಏಳಿ. ನನ್ನದಾಗಿದ್ರೆ ಬಕೆಟ್ ತುಂಬಾ ಕೊಡ್ತಿದ್ದೆ. ಆದ್ರೆ ಅದು ಈಗ ಕಂಪನಿಯ ರುಚಿ. ಹೊರಗೆ ಹೋಗಬಾರದು ಅಂತ ಮೇಲಿಂದ ಬಂದಿದೆ. ಐದು ತಲೆಮಾರು ಕಾಪಾಡಿದ್ದು, ನೋಡಿ," ಎಂದು ಬಾಗಿಲ ಚೌಕಟ್ಟಿನತ್ತ ಕೈ ತೋರಿಸಿದ.

"ಅದನ್ನ ಬರೆದೋಳು ನಾನೇ," ಎಂದೆ. "ತಪ್ಪು ಬರೆದಿದ್ದೀನಿ. ಜಾಡಿ ಇವರದು."

ಅವನು ನನಗೂ ಬಾಗಿ ನಮಸ್ಕರಿಸಿದ. "ಓಹೋ, ನೀವೇನಾ! ತುಂಬಾ ಚೆನ್ನಾಗಿ ಬರೆದಿದೀರಿ ಮೇಡಂ. ತಿದ್ದುಪಡಿ ಅಚ್ಚಾದ್ರೆ ಕಳಿಸಿ, ಮೇಲಿನವರಿಗೆ ಖಂಡಿತ ತೋರಿಸ್ತೀನಿ. ಒಂದನೇ ತಾರೀಖಿನೊಳಗೆ ಏನೂ ಆಗ್ಲಿಕ್ಕಿಲ್ಲ, ಅಷ್ಟೇ."

ಅವನು ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಏಪ್ರನ್ ಜೇಬಿಗೆ ಒಂದು ಹಿಡಿ ಹಾಕ್ಕೊಂಡು ಹೋದ್ರೆ ಯಾರಿಗೆ ಗೊತ್ತಾಗುತ್ತೆ ಮಾರಾಯ್ರೆ? ನಿಮ್ಮದೇ ತಾನೆ!"

"ಕೇಳಿ, ಇಲ್ಲ ಅನ್ನಿಸ್ಕೊಂಡಾಯ್ತು. ಇನ್ನು ತಗೊಂಡ್ರೆ ಕಳ್ಳತನ. ನಮ್ಮತ್ತೆ ಕೈಯಾಡಿಸಿದ ಜಾಡಿಗೆ ನಾನು ಕಳ್ಳಿ ಥರ ಕೈ ಹಾಕ್ಲಾ?" ಆಮೇಲೆ ತಮ್ಮ ಅಂಗೈ ಚಾಚಿದರು. ತವುಡಿನಲ್ಲಿ ನಲವತ್ತು ವರ್ಷ ಆಡಿದ ಕೈ, ಬಲಗೈ ಮಾತ್ರ ಮದುವೆಯ ಹುಡುಗಿಯದರಂತೆ ನುಣುಪಾಗಿದೆ. "ನೋಡಿ, ಇದಕ್ಕೆ ಚೀಟಿ ಅಂಟಿಸೋದು ಮರೆತುಬಿಟ್ರು ಪಾಪ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹೊಸ ತವುಡು ತಂದು ಹೊಸದಾಗಿ ಶುರು ಮಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಮಾಡಬಹುದು. ಈ ವಾಸನೆ ಬರೋಕೆ ಹದಿನೈದು ವರ್ಷ ಬೇಕು. ಆಗ ನಂಗೆ ಎಂಬತ್ತಾರು," ಎಂದರು.

ಶುಕ್ರವಾರ, ಅಂದರೆ ಇದನ್ನು ಬರೆಯುತ್ತಿರುವ ಇವತ್ತು, ಮೂಲಂಗಿಗಳನ್ನೆಲ್ಲ ತೆಗೆದಾದ ಮೇಲೂ ಅವರ ಕೈ ಜಾಡಿಯೊಳಗೇ ಇತ್ತು.

"ಮೂಲಂಗಮ್ಮ, ಒಂದು ಕೇಳ್ಲಾ? ಆಗಲ್ಲ ಅಂದ್ರೂ ಬೇಜಾರಿಲ್ಲ."

"ಕೇಳಿ."

"ರಾತ್ರಿಯೆಲ್ಲ ಯೋಚನೆ ಮಾಡ್ದೆ. ನಿಮಗೆ ಕೊಟ್ಟಿದ್ನಲ್ಲ, ಅದರಲ್ಲಿ ಒಂದು ಹಿಡಿ ನಂಗೆ ವಾಪಸ್ ಕೊಡ್ತೀರಾ? ಅದು ಪಟ್ಟಿ ಮಾಡೋಕೆ ಎಷ್ಟೋ ವರ್ಷ ಮುಂಚೆ ಹೊರಗೆ ಹೋಗಿದ್ದು. ಎಬಿಸಾವಾ-ಸಾನ್‌ಗೂ ಮೋಸ ಮಾಡಿದಂಗಾಗಲ್ಲ, ನಮ್ಮತ್ತೆಗೂ ಆಗಲ್ಲ. ಇನ್ನೂರು ಮುನ್ನೂರು ಜನಕ್ಕೆ ಕೊಟ್ಟಿದೀನಿ. ಯಾರ ಹೆಸರು, ವಿಳಾಸ ಒಂದೂ ಕೇಳ್ಲಿಲ್ಲ. ಎಲ್ಲ ದಾರಿಹೋಕರು, ಹೋದ್ರು. ಊರಲ್ಲೇ ಉಳಿದೋರು ನೀವೊಬ್ರೇ."

ಇನ್ನು ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ, ಹೇಳಿದೆ. ಆ ಹಿಡಿ ಸತ್ತು ಇಪ್ಪತ್ತನಾಲ್ಕು ವರ್ಷವಾಯಿತು. ಅವರು ಕೊಟ್ಟ ಮೊದಲ ಆಗಸ್ಟಿನಲ್ಲೇ ಉತ್ತರದ ಕಡಲು ನೋಡಲೆಂದು ಎರಡು ವಾರ ಒಬ್ಬಳೇ ಹೋಗಿದ್ದೆ. ಬಂದು ಮುಚ್ಚಳ ತೆಗೆದರೆ ಕರಿ ಬೂಷ್ಟು, ಮೂಗು ಬಿಡಲಾಗದ ನಾತ. ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಅಲ್ಲಿಂದ ಈಚೆಗೆ ಅವರು ಕೇಳಿದಾಗಲೆಲ್ಲ ಚೆನ್ನಾಗಿದೆ ಎನ್ನುತ್ತಲೇ ಬಂದೆ. ಇವತ್ತು ಬೆಳಿಗ್ಗೆಯೂ ಅಂದಿದ್ದೆ.

ಜಾಡಿಯೊಳಗೆ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಮಗುಚತೊಡಗಿತು. ಇನ್ನು ನಾಲ್ಕು ಬೆಳಗು ಅದನ್ನು ಮಗುಚಬೇಕು. ಅವರು ತಲೆ ಎತ್ತಲಿಲ್ಲ.

"ಆಗಸ್ಟಲ್ಲಿ ಎರಡು ವಾರ ಬಿಟ್ರೆ ಯಾರದಾದ್ರೂ ಹೋಗುತ್ತೆ," ಎಂದರು. ಮೇಲಿನ ತವುಡನ್ನು ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿದರು. "ಹೇಳಿದ್ರೆ ಅವತ್ತೇ ಇನ್ನೊಂದು ಹಿಡಿ ಕೊಡ್ತಿದ್ನಲ್ಲಮ್ಮ."