ಹಲ್ಲಿನ ನಡುವಿನ ತಂತಿ

ತಿರುವನಂತಪುರದ ತುಂಬಾ ಎಂಬ ಕಡೆ ನಾವು ಕನ್ನಡದವರು ಹಬ್ಬಕ್ಕೆಂದು ಸೇರಿದಾಗಲೆಲ್ಲ ಯಾರಾದರೊಬ್ಬರು ನನ್ನ ಹೆಂಡತಿಯನ್ನು "ಏನಮ್ಮಾ, ಏನಾದ್ರೂ ವಿಶೇಷವಾ?" ಎಂದು ಕೇಳುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅವಳು ನಕ್ಕುಬಿಡುತ್ತಿದ್ದಳು, ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಈ ಬಾಯಿಗಳಿಗೆ ಹೆದರಿಯೇ ನಾವು ತಿರುವನಂತಪುರ ಬಿಟ್ಟು ಕೊಚ್ಚಿಯ ಡಾಕ್ಟರರ ಹತ್ತಿರ ಹೋದದ್ದು. ತಂಪಾನೂರಿನಲ್ಲಿ ರೈಲು ಹತ್ತುವಾಗ ಪರಿಚಯದವರು ಸಿಕ್ಕರೆ ಇರಲಿ ಎಂದು ನೆಂಟರ ಮದುವೆಯ ಸುಳ್ಳೊಂದನ್ನು ಸಿದ್ಧಮಾಡಿಕೊಂಡಿದ್ದೆ. ಮೊದಲ ಸಲ ಹೋದಾಗ ಅವಳ ಪರೀಕ್ಷೆಗಳೆಲ್ಲ ಸರಿ ಬಂದವು. ನನ್ನದು ಸರಿ ಬರಲಿಲ್ಲ. ವೀರ್ಯಾಣುಗಳು ತೀರಾ ಕಡಿಮೆ, ಇರುವವಕ್ಕೂ ಚಲನೆ ಸಾಲದು ಎಂದರು. ಮುಂದಿನ ಭೇಟಿಯವರೆಗೆ ನಾನು ನಿದ್ದೆಗೆಟ್ಟೆ. ಯಾಕೆ ಹೀಗಾಯಿತು, ಇದು ಸರಿಹೋಗುತ್ತದೆಯೇ ಇಲ್ಲವೇ ಎಂಬ ಯೋಚನೆ ಅನ್ನದ ಮುಂದೆ ಕೂತಾಗಲೂ ಬಿಡುತ್ತಿರಲಿಲ್ಲ.

ಎರಡನೇ ಸಲ ಕೊಚ್ಚಿಯ ಕಲೂರಿನಲ್ಲಿ ಬಸ್ಸಿಳಿದಾಗ ಕಾಲು ಮುಂದಕ್ಕೇ ಬರಲಿಲ್ಲ. ಅಲ್ಲಿನ ಸ್ಟೇಡಿಯಂನಲ್ಲಿ ಅಂದು ಯಾವುದೋ ಪಂದ್ಯ. ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ಕಿರುಚುತ್ತಾ ಹೋಗುತ್ತಿದ್ದರು. ಅವರ ಮೇಲೂ ನನಗೆ ಸಿಟ್ಟು ಬಂತು. ಅವಳು ನನ್ನ ತೋಳು ಹಿಡಿದುಕೊಂಡಳು.

ಡಾಕ್ಟರು ವಯಸ್ಸಾದ ಮಲಯಾಳಿ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ನಡುವೆ "ಎಂದಾ ಜೋಲಿ?" ಎಂದು ನನ್ನ ಕೆಲಸ ವಿಚಾರಿಸಿದರು. ಸಣ್ಣದೊಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಸಾಲ್ಡರಿಂಗ್ ಎಂದೆ. ತಂತಿ ಕರಗಿಸಿ ಸರ್ಕ್ಯೂಟ್ ಬೋರ್ಡಿಗೆ ಬಿಡಿಭಾಗಗಳನ್ನು ಬೆಸೆಯುವ ಕೆಲಸ. ಉಳಿದ ಬೋರ್ಡುಗಳನ್ನು ಮನೆಗೂ ತರುತ್ತಿದ್ದೆ, ಸಂಜೆ ಇಬ್ಬರೂ ಕೂತು ಮುಗಿಸುತ್ತಿದ್ದೆವು.

"ಹೇಗೆ ಮಾಡ್ತೀರಿ, ತೋರಿಸಿ" ಎಂದರು ಡಾಕ್ಟರು.

ಭಯದ ನಡುವೆಯೂ ನನಗೊಂದು ಹುಮ್ಮಸ್ಸು ಬಂತು, ಯಾಕೆಂದರೆ ಕೆಲಸದಲ್ಲಿ ನನ್ನಷ್ಟು ಚುರುಕಾದವರು ಕಾರ್ಖಾನೆಯಲ್ಲಿ ಇರಲಿಲ್ಲ. ಒಂದು ಕೈಯಲ್ಲಿ ಕಾದ ಸಾಲ್ಡರಿಂಗ್ ಕಡ್ಡಿ, ಇನ್ನೊಂದರಲ್ಲಿ ಚಿಮಟ. ತಂತಿ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಜೇಬಿನಿಂದ ಪೆನ್ನು ತೆಗೆದು ಹಲ್ಲಿನಲ್ಲಿ ಕಚ್ಚಿ, ತಲೆ ಬಗ್ಗಿಸಿ ತೋರಿಸಿದೆ.

ಡಾಕ್ಟರರ ಮುಖ ಗಂಭೀರವಾಯಿತು. "ಆ ತಂತಿಯಲ್ಲಿ ಸೀಸ ಇದೆ, ಗೊತ್ತಲ್ಲ?"

ಗೊತ್ತಿತ್ತು. ಸುರುಳಿಯ ಮೇಲೆಯೇ ಬರೆದಿರುತ್ತದೆ. ಆದರೆ ಅದು ನನ್ನ ಒಳಗೆ ಹೋಗುತ್ತದೆಂದು ಒಂದು ದಿನವೂ ಹೊಳೆದಿರಲಿಲ್ಲ. ತೊಂದರೆಗೆ ಅದೂ ಒಂದು ಕಾರಣ ಇರಬಹುದು, ರಕ್ತ ನೋಡಿಯೇ ಹೇಳಬೇಕು, ಇವತ್ತಿನಿಂದಲೇ ಅದನ್ನು ಬಾಯಿಗಿಡಬೇಡಿ ಎಂದರು. ಬಿಟ್ಟರೆ ಕೆಲವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದಂತೆ. ಮಾತು ಮಾತ್ರ ಕೊಡಲಾರೆ ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಹೋದ ಜೀವ ಬಂದಂತಾಯಿತು.

ಆಮೇಲೆ ಅವರು ಸಮಾಧಾನಕ್ಕೆಂದೇ ಇನ್ನೊಂದು ಮಾತು ಸೇರಿಸಿದರು. ಹೆಂಗಸರ ಮೈಗೆ ಸೀಸ ಸೇರಿದರೆ ಇನ್ನೂ ಕಷ್ಟ, ಅದು ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದು, ಬಸುರಿಯಾದಾಗ ಮಗುವಿಗೂ ಇಳಿಯುತ್ತದೆ. "ಪುಣ್ಯಕ್ಕೆ ನಿಮ್ಮ ಹೆಂಡತಿಯದು ಈ ಕೆಲಸ ಅಲ್ಲವಲ್ಲ."

ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು, ಆಡಲು ಸಂಕೋಚ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ರೀ, ನಾನೂ ಹಾಗೇ ತಾನೇ ಹಿಡ್ಕೊಳ್ಳೋದು? ನೀವೇ ಹೇಳ್ಕೊಟ್ಟಿದ್ದು."

ಅವಳು ಏನಂದಳೆಂದು ಡಾಕ್ಟರು ಕೇಳಿದರು. ಕನ್ನಡ ಬಾರದ ಅವರಿಗೆ ನಾನೇ ಹೇಳಬೇಕಿತ್ತು. ನಾನು ಪೆನ್ನನ್ನು ಜೇಬಿಗೆ ಸೇರಿಸಹೊರಟೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹಲ್ಲಿನಲ್ಲಿ ಕಚ್ಚಿ, ತಲೆ ಬಗ್ಗಿಸಿ ತೋರಿಸಿದಳು.