ಮುಂದಕ್ಕೆ ಮಾತ್ರ ಎಣಿಸಿದವಳು

ನನ್ನ ಅಕ್ಕ ಒಂಬತ್ತು ವರ್ಷ ಒಂದೇ ಪಿಎಚ್.ಡಿ.ಯ ಬೆನ್ನು ಹತ್ತಿದ್ದಳು. ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಅಡುಗೆ, ಮಿಕ್ಕ ಹೊತ್ತು ಗಣಿತ. ಓದುವ ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಜಾಗ. ಮೇಜು ಹಾಕಿದ ಮೇಲೆ ಕುರ್ಚಿ ಹಿಂದೆ ಸರಿಯುತ್ತಿರಲಿಲ್ಲ, ಪಕ್ಕದಿಂದ ತೂರಿಕೊಂಡು ಕೂರಬೇಕು. ಜೂನ್ ಒಳಗೆ ಪದವಿ ಬರದಿದ್ದರೆ ಕೆಲಸ ಇಲ್ಲ ಎಂದು ಕಾಲೇಜಿನವರು ಪತ್ರ ಕೊಟ್ಟಿದ್ದರು. ಭಾವ ಅದನ್ನು ಓದಿ, ಮಡಚಿ, ವಾಪಸ್ಸು ಕೊಟ್ಟರು. ಬೈದಿದ್ದರೂ ವಾಸಿಯಿತ್ತು.

ಗಣಿತಕ್ಕೂ ನನಗೂ ಅಷ್ಟಕ್ಕಷ್ಟೆ. ಅಕ್ಕ ಕೂರಿಸಿಕೊಂಡು ಹೇಳಿದ್ದಿಷ್ಟು: ಭಾರ ಹೊತ್ತ ಸರಳು ಎಷ್ಟು ಬಗೆಯಲ್ಲಿ ಬಾಗಿ ಕೈಕೊಡಬಹುದು ಎಂದು ತಿಳಿಯಲು, ಸರಳಿನ ಸಮೀಕರಣದಿಂದ ಬರುವ ಒಂದು ಡಿಫರೆನ್ಷಿಯಲ್ ಆಪರೇಟರಿಗೆ ಸೊನ್ನೆಗಿಂತ ಕೆಳಗೆ ಎಷ್ಟು ಐಗನ್‌ವ್ಯಾಲ್ಯೂಗಳು, ಅಂದರೆ ಅದರದೇ ವಿಶಿಷ್ಟ ಸಂಖ್ಯೆಗಳು, ಇವೆ ಎಂದು ಎಣಿಸಬೇಕು. ಒಂದೊಂದನ್ನೇ ಹುಡುಕುತ್ತ ಹೋದರೆ ಹೈರಾಣ. ಸಿಂಪ್ಲೆಕ್ಟಿಕ್ ಜ್ಯಾಮಿತಿಯಲ್ಲಿ ಬೇರೆ ದಾರಿಯಿದೆ. ಸರಳಿನ ಉದ್ದಕ್ಕೂ ಸಾಗುವಾಗ ಒಂದು ಸಮತಲ ತಿರುಗುತ್ತ ಹೋಗುತ್ತದೆ. ಗೊತ್ತುಪಡಿಸಿದ ಇನ್ನೊಂದು ಸಮತಲವನ್ನು ಅದು ಎಷ್ಟು ಸಲ ಹಾಯುತ್ತದೆಂದು ಎಣಿಸಿದರೆ ಉತ್ತರ ಸಿಕ್ಕಿತು.

"ಬಾಗ್ಲಲ್ಲಿ ನಿಂತ್ಕೊಂಡು ಒಳಗೆಷ್ಟು ಜನ ಇದಾರೆ ಅಂತ ಲೆಕ್ಕ ಹಾಕ್ದಂಗೆ ಕಣೇ," ಎಂದಳು.

"ಹೊರಗೆ ಬಂದೋರನ್ನ ಕಳೀಬೇಕಲ್ವಾ ಅಕ್ಕಾ?"

"ಕಳೀಬೇಕು. ಆದ್ರೆ ನಮ್ಮ ಸಮೀಕರಣಗಳಲ್ಲಿ ಯಾರೂ ಹೊರಗೆ ಬರಲ್ಲ. ಯಾವಾಗ್ಲೂ ಮುಂದಕ್ಕೇ ತಿರುಗುತ್ತೆ ಅಂತ ನಮ್ಮ ಸರ್ ಸಾಧಿಸಿದಾರೆ."

ಸರ್ ಎಂದರೆ ಅವಳ ಗೈಡು. ಇಪ್ಪತ್ತೆರಡು ವರ್ಷದ ಹಿಂದಿನ ಅವರ ಆ ಲೇಖನದ ಮೇಲೆಯೇ ಅಕ್ಕನ ಪ್ರಬಂಧ ಪೂರ್ತಿ ನಿಂತಿತ್ತು.

ವೈವಾಗೆ ಒಂಬತ್ತು ದಿನ ಇದ್ದಾಗ, ತೋರಿಸಲು ಚೆನ್ನಾಗಿರುತ್ತದೆಂದು ಅಕ್ಕ ಕಂಪ್ಯೂಟರಿನಲ್ಲಿ ಹೊಸ ಉದಾಹರಣೆಯೊಂದನ್ನು ಹಾಕಿದಳು. ಹಾಯ್ದದ್ದು ಐದು ಸಲ. ನಿಜವಾಗಿ ಇದ್ದ ಐಗನ್‌ವ್ಯಾಲ್ಯೂಗಳು ಮೂರೇ. ನಾಲ್ಕು ಸಲ ಮುಂದಕ್ಕೆ ಹಾಯ್ದ ಸಮತಲ ಒಂದು ಸಲ ಹಿಂದಕ್ಕೆ ತಿರುಗಿತ್ತು.

ಮರುದಿನ ಬೆಳಿಗ್ಗೆಯೇ ಅದನ್ನು ಹಿಡಿದುಕೊಂಡು ಸರ್ ಹತ್ತಿರ ಓಡಿದಳು. ಅವರು ಕನ್ನಡಕ ತೆಗೆದಿಟ್ಟು ಬಾಗಿಲು ಮುಚ್ಚಿಸಿದರಂತೆ.

"ನಂಗೊತ್ತಿದೆಯಮ್ಮ. ಮೂರು ವರ್ಷದ ಹಿಂದೇನೇ ಕಣ್ಣಿಗೆ ಬಿತ್ತು. ಆಗ್ಲೇ ಹೇಳಿದ್ರೆ ನಿನ್ನ ಕೆಲಸ ಎಲ್ಲ ನೀರಲ್ಲಿ ಹೋಮ ಆಗ್ತಿತ್ತು. ಈಗ ನಿಂಗೆ ನೌಕರಿ ಬೇಕು, ನಂಗೆ ಮರ್ಯಾದೆಯಿಂದ ನಿವೃತ್ತಿ ಬೇಕು."

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಪ್ಪು ಯಾರಿಂದಲಾದರೂ ಆಗುತ್ತದೆ. ಮೂರು ವರ್ಷ ಅವಳನ್ನು ಮೆಟ್ಟಿಲ ಕೆಳಗೆ ಕೂರಿಸಿ ಸುಮ್ಮನೆ ನೋಡುವುದಕ್ಕೆ ಎಂಥ ಗುಂಡಿಗೆ ಬೇಕು!

ವೈವಾದ ದಿನ ನಾನೂ ಕೊನೆಯ ಬೆಂಚಿನಲ್ಲಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ, "ಇದು ಹಿಂದಕ್ಕೆ ತಿರುಗೋ ಸಾಧ್ಯತೆನೇ ಇಲ್ವಾ?" ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ, "ಅದನ್ನ ನಾನು ಎಂದೋ ಸಾಧಿಸಿದ್ದೀನಿ ಬಿಡಿ," ಎಂದು ಸರ್ ನಕ್ಕರು. ಪರೀಕ್ಷಕರು ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಪಕ್ಕದಲ್ಲಿದ್ದ ಭಾವನನ್ನು ನೋಡಿದಳು, ಆಮೇಲೆ ಹೌದೆಂದು ತಲೆಯಾಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕೆಲಸ ಉಳಿಯಿತು. ಸರ್ ನಿವೃತ್ತರಾಗುವ ಮುಂಚೆ ಆ ಪ್ರಮೇಯವನ್ನು ಎಂ.ಎಸ್ಸಿ. ಪಾಠಕ್ಕೆ ಸೇರಿಸಿ ಹೋದರು, ತಮ್ಮ ಹೆಸರಿನ ಜೊತೆ ಅಕ್ಕನ ಹೆಸರನ್ನೂ ಜೋಡಿಸಿ. ಅದನ್ನು ಕಲಿಸುವವಳೂ ಅಕ್ಕನೇ.

ಹೋದ ವಾರ ಅವಳ ಮನೆಗೆ ಹೋದಾಗ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ಒಂದೇ ಪುಟ ಹಿಡಿದು ಬಹಳ ಹೊತ್ತು ಕೂತಿದ್ದಳು. ಯಾವಳೋ ಹುಡುಗಿ ಆರು ಮುಂದಕ್ಕೆ, ಒಂದು ಹಿಂದಕ್ಕೆ ಎಂದು ಚಿತ್ರ ಸಮೇತ ಬಿಡಿಸಿ ಉತ್ತರ ಐದು ಎಂದು ಬರೆದಿದ್ದಳು. ಮಾದರಿ ಉತ್ತರದಲ್ಲಿ ಏಳು ಎಂದಿತ್ತು.

"ಅವಳು ಬರ್ದಿದ್ದು ಸರಿನಾ ಅಕ್ಕಾ?"

"ಸರಿ," ಎಂದಳು.

ಮತ್ತೆ ಪೆನ್ನು ತೆಗೆದುಕೊಂಡು ಆ ಪುಟದ ಅಂಚಿಗೆ ಸೊನ್ನೆ ಹಾಕಿದಳು.